ಮನೋರೋಗ ಮತ್ತು ಸೈನಿಕನ ಪಿಂಚಣಿ: ಒಂದು ದೀರ್ಘ ಹೋರಾಟದ ಚರಿತ್ರೆ

ಬೆಂಗಳೂರಿನ ಉತ್ತರ ಭಾಗದ ಆರ್.ಟಿ. ನಗರವು ಮೂರು ಕಡೆಯಿಂದ ಸೈನ್ಯದ ನೆಲೆಗಳಿಗೆ ಹತ್ತಿರವಿರುವ ಬಡಾವಣೆ. ಅದರ ದಕ್ಷಿಣಕ್ಕಿರುವ ಜೆ.ಸಿ. ನಗರದಲ್ಲಿ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರವೂ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಸ್ಮಾರಕವೂ ಇವೆ. ಪಶ್ಚಿಮಕ್ಕೆ ಬಳ್ಳಾರಿ ರಸ್ತೆಯ ಕಡೆಗೆ 1949ರ ಜುಲೈ 22ರಂದು ಬೆಂಗಳೂರಿನಲ್ಲಿ ಆರಂಭವಾದ ವಾಯುಪಡೆಯ ತರಬೇತಿ ಕಮಾಂಡಿನ ಪ್ರಧಾನ ಕಚೇರಿಯಿದೆ. ಅದೇ ರಸ್ತೆಯಲ್ಲಿ ಉತ್ತರಕ್ಕೆ ಸಾಗಿದರೆ ಯಲಹಂಕದ ವಾಯುನೆಲೆ ಸಿಗುತ್ತದೆ. ಇಂಥ ನೆರೆಯಲ್ಲಿ ನಿವೃತ್ತ ಸೈನಿಕರು ಮನೆ ಮಾಡಿಕೊಂಡು ನೆಲೆಸುವುದು ಸಹಜ. ಇಲ್ಲಿಂದ ಹೊರಡುವ ಪಿಂಚಣಿ ಅರ್ಜಿಗಳ ಹಿಂದೆ ಒಂದು ಶತಮಾನಕ್ಕೂ ಹಿಂದಿನಿಂದ ನಡೆದುಬಂದ, ಭಾರತದ ಸೈನ್ಯ, ವೈದ್ಯಶಾಸ್ತ್ರ ಮತ್ತು ನ್ಯಾಯಾಲಯಗಳು ಒಟ್ಟಾಗಿ ರೂಪಿಸಿದ ಒಂದು ಚರಿತ್ರೆಯಿದೆ. ಕೈ ಅಥವಾ ಕಾಲು ಕಳೆದುಕೊಂಡ ಸೈನಿಕನಿಗೆ ಪಿಂಚಣಿ ಸಲ್ಲಬೇಕೆಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ನಿದ್ರೆ ಕಳೆದುಕೊಂಡವನಿಗೆ, ಕಾರಣವಿಲ್ಲದ ಭಯ ಎದೆಯಲ್ಲಿ ಕೂತವನಿಗೆ, ಆತಂಕ, ಖಿನ್ನತೆ ಅಥವಾ ಚಿತ್ತವಿಕಲತೆಯ ಕಾರಣದಿಂದ ಸೇವೆಯಿಂದ ಹೊರಬಿದ್ದವನಿಗೆ ಅದೇ ಹಕ್ಕು ದೊರೆಯಲು ಬಹುಕಾಲ ಹಿಡಿಯಿತು, ಮತ್ತು ಅದು ಇಂದಿಗೂ ತಾನಾಗಿ ದೊರೆಯುತ್ತಿಲ್ಲ.

ಯುದ್ಧಗಳು ಮತ್ತು ಆಸ್ಪತ್ರೆಗಳು

ಯುದ್ಧವು ಮನಸ್ಸನ್ನೂ ಕೆಡಿಸುತ್ತದೆ ಎಂಬ ಸಂಗತಿ ವೈದ್ಯಕೀಯ ಚರ್ಚೆಯ ನಡುವೆ ಬಂದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಬ್ರಿಟಿಷ್ ಸೈನ್ಯದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಮೈಯರ್ಸ್ 1915ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ 'ಶೆಲ್ ಶಾಕ್' ಎಂಬ ಹೆಸರನ್ನು ಬಳಸಿದರು; ಫಿರಂಗಿ ಗುಂಡುಗಳು ಹತ್ತಿರ ಸಿಡಿದ ಮೇಲೆ ಮೈಮೇಲೆ ಗಾಯವಿಲ್ಲದಿದ್ದರೂ ದೃಷ್ಟಿ ಮಂಕಾದ, ನೆನಪು ಕಳೆದುಕೊಂಡ, ನಡುಕ ನಿಲ್ಲದ ಸೈನಿಕರ ಸ್ಥಿತಿಯನ್ನು ಆ ಹೆಸರು ಸೂಚಿಸುತ್ತಿತ್ತು. ಯುದ್ಧ ಮುಗಿದ ಮೇಲೆ ಇಂಥವರಿಗೆ ಪಿಂಚಣಿ ಕೊಡಬೇಕೇ, ಕೊಟ್ಟರೆ ಎಷ್ಟು ಕಾಲ ಕೊಡಬೇಕು ಎಂಬುದು ಬ್ರಿಟನ್ನಿನಲ್ಲಿ ದೊಡ್ಡ ರಾಜಕೀಯ ಪ್ರಶ್ನೆಯಾಯಿತು, ಮತ್ತು 1922ರಲ್ಲಿ ವರದಿ ಕೊಟ್ಟ ಸೌತ್‌ಬರೋ ಸಮಿತಿಯು ಶೆಲ್ ಶಾಕಿನ ಸ್ವರೂಪವನ್ನೇ ವಿಚಾರಣೆಗೆ ಒಳಪಡಿಸಿತು. ಇದು ನಿಜವಾದ ರೋಗವೋ ಅಥವಾ ದುರ್ಬಲ ಸ್ವಭಾವದ ಫಲವೋ ಎಂದು ಆಗ ಎದ್ದ ಅನುಮಾನವೇ ಮುಂದೆ ಭಾರತದ ವೈದ್ಯಕೀಯ ಮಂಡಳಿಗಳ ಕಾಗದಪತ್ರಗಳಲ್ಲಿ ಬೇರೆ ಮಾತುಗಳಲ್ಲಿ ಕಾಣಿಸಿಕೊಂಡಿತು.

ಅದೇ ಯುದ್ಧದಲ್ಲಿ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ದಳವು ಸೂಯೆಜ್ ಮತ್ತು ಪ್ಯಾಲೆಸ್ತೀನ್ ರಂಗಗಳಲ್ಲಿ ಹೋರಾಡಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದ ಜೊತೆಗೂಡಿ ಹೈಫಾ ನಗರವನ್ನು ಗೆದ್ದಿತು. ಜೆ.ಸಿ. ನಗರದ ಸ್ಮಾರಕವು ಆ ಸಾಹಸವನ್ನೂ ಅಲ್ಲಿ ಮಡಿದವರನ್ನೂ ಸ್ಮರಿಸುತ್ತದೆ. ಮರಳಿ ಬಂದವರ ಮನಸ್ಸಿನ ಸ್ಥಿತಿಯನ್ನು ದಾಖಲಿಸುವ ಕ್ರಮವು ಆ ಕಾಲದಲ್ಲಿ ಬೇರೂರಿರಲಿಲ್ಲ. ಮೃತರ ಹೆಸರು ಕಲ್ಲಿನ ಮೇಲೆ ಉಳಿಯಿತು, ಬದುಕಿದವರ ಬೇನೆ ಮನೆಗಳ ಒಳಗೆ ಉಳಿಯಿತು.

ಮನೋರೋಗ ಚಿಕಿತ್ಸೆಯ ಸಂಸ್ಥೆಗಳು ಬೆಂಗಳೂರಿಗೆ ಹೊಸವಾಗಿರಲಿಲ್ಲ. 1809ರಲ್ಲಿ ದಂಡು ಪ್ರದೇಶ ಸ್ಥಾಪನೆಯಾದ ಕೆಲವು ದಶಕಗಳಲ್ಲಿ, ಅಂದರೆ 19ನೇ ಶತಮಾನದ ನಡುವಿನ ವೇಳೆಗೆ, ಇಲ್ಲಿ ಮನೋರೋಗಿಗಳ ಆಶ್ರಯಾಲಯವೊಂದು ಆರಂಭವಾಗಿತ್ತು. ಮೈಸೂರು ಸರ್ಕಾರವು 1925ರಲ್ಲಿ ಅದನ್ನು ಮಾನಸಿಕ ಆಸ್ಪತ್ರೆ ಎಂದು ಮರುನಾಮಕರಣ ಮಾಡಿತು. ಸ್ವಾತಂತ್ರ್ಯಾನಂತರ, ಭೋರ್ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ, 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿತು. 1974ರ ಡಿಸೆಂಬರ್ 27ರಂದು ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಸೈನ್ಯದ ಕಡೆಯಲ್ಲಿ, ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ಕಮಾಂಡ್ ಆಸ್ಪತ್ರೆಯು ದಕ್ಷಿಣ ಭಾರತದ ಸೈನಿಕರ ಪ್ರಮುಖ ಚಿಕಿತ್ಸಾ ಕೇಂದ್ರವಾಗಿ ಬೆಳೆಯಿತು. ಹೀಗೆ ಮನೋರೋಗವನ್ನು ಗುರುತಿಸುವ ಮತ್ತು ಚಿಕಿತ್ಸೆ ಕೊಡುವ ಪರಿಣತಿಯು ಈ ನಗರದಲ್ಲಿ ಸಾಕಷ್ಟಿತ್ತು. ಕೊರತೆಯಿದ್ದದ್ದು ಆ ರೋಗಕ್ಕೂ ಸೇವೆಗೂ ಇರುವ ಸಂಬಂಧವನ್ನು ಒಪ್ಪಿಕೊಳ್ಳುವುದರಲ್ಲಿ.

ನಿಯಮಗಳು ಕೊಟ್ಟ ಭರವಸೆ

ಸ್ವತಂತ್ರ ಭಾರತದಲ್ಲಿ ಭೂಸೇನೆಯವರ ಪಿಂಚಣಿಯ ಆಧಾರವಾಗಿ ನಿಂತದ್ದು 1961ರ ಭೂಸೇನಾ ಪಿಂಚಣಿ ನಿಯಮಾವಳಿ. ಅದರ 173ನೇ ನಿಯಮದ ಪ್ರಕಾರ ಅಂಗವೈಕಲ್ಯ ಪಿಂಚಣಿಗೆ ಎರಡು ಮುಖ್ಯ ಷರತ್ತುಗಳಿದ್ದವು: ಸೈನಿಕನು ಸೇವೆಯಿಂದ ಹೊರಬರಲು ಕಾರಣವಾದ ವೈಕಲ್ಯವು ಸೇವೆಯಿಂದ ಉಂಟಾಗಿರಬೇಕು ಅಥವಾ ಸೇವೆಯಿಂದ ಉಲ್ಬಣಗೊಂಡಿರಬೇಕು, ಮತ್ತು ಅದರ ಪ್ರಮಾಣವು ಶೇ. 20 ಅಥವಾ ಅದಕ್ಕಿಂತ ಹೆಚ್ಚಾಗಿರಬೇಕು. ಪಿಂಚಣಿಯಲ್ಲಿ ಎರಡು ಭಾಗಗಳಿರುತ್ತವೆ. ಸೇವೆ ಸಲ್ಲಿಸಿದ ಅವಧಿಗೆ ಸಲ್ಲುವುದು ಸೇವಾಂಶ, ವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ಸಲ್ಲುವುದು ವೈಕಲ್ಯಾಂಶ. ಆರನೇ ವೇತನ ಆಯೋಗದ ಬಳಿಕ ಪೂರ್ಣ ವೈಕಲ್ಯಕ್ಕೆ ಕೊನೆಯ ವೇತನದ ಶೇ. 30ರಷ್ಟು ವೈಕಲ್ಯಾಂಶ ನಿಗದಿಯಾಯಿತು, ಮತ್ತು ಕಡಿಮೆ ವೈಕಲ್ಯಕ್ಕೆ ಅದೇ ಅನುಪಾತದಲ್ಲಿ ಮೊತ್ತ ಇಳಿಯುತ್ತದೆ.

ಈ ಷರತ್ತುಗಳನ್ನು ಹೇಗೆ ಅನ್ವಯಿಸಬೇಕೆಂಬುದನ್ನು 1982ರ ಅರ್ಹತಾ ನಿಯಮಗಳು ವಿವರಿಸಿದವು, ಮತ್ತು ಅವುಗಳ ಮಾತು ಸೈನಿಕನ ಪರವಾಗಿ ಸ್ಪಷ್ಟವಾಗಿತ್ತು. ಸೇರ್ಪಡೆಯ ವೇಳೆ ದಾಖಲೆಯಲ್ಲಿ ಯಾವ ದೋಷವನ್ನೂ ಬರೆದಿರದಿದ್ದರೆ ಆತನು ದೇಹದಲ್ಲೂ ಮನಸ್ಸಿನಲ್ಲೂ ಆರೋಗ್ಯವಂತನಾಗಿದ್ದನೆಂದು ಭಾವಿಸಬೇಕೆಂದು 5ನೇ ನಿಯಮ ಹೇಳಿತು. ಮುಂದೆ ವೈದ್ಯಕೀಯ ಕಾರಣದಿಂದ ಆತನನ್ನು ಬಿಡುಗಡೆ ಮಾಡಿದರೆ ಆರೋಗ್ಯವು ಕೆಟ್ಟದ್ದು ಸೇವೆಯಿಂದಲೇ ಎಂದು ಊಹಿಸಬೇಕೆಂದೂ ಅದೇ ನಿಯಮ ಸೂಚಿಸಿತು. ಅರ್ಹತೆಯನ್ನು ಸಾಬೀತುಪಡಿಸುವ ಹೊಣೆಯನ್ನು ಸೈನಿಕನ ಮೇಲೆ ಹೊರಿಸಬಾರದು, ಸಮಂಜಸವಾದ ಸಂದೇಹ ಉಳಿದರೆ ಅದರ ಲಾಭವು ಅವನಿಗೇ ಸಿಗಬೇಕು ಎಂದು 9ನೇ ನಿಯಮ ವಿಧಿಸಿತು. ಸೇರ್ಪಡೆಯಲ್ಲಿ ಕಂಡುಬರದ ರೋಗವು ಬಿಡುಗಡೆಗೆ ಕಾರಣವಾದರೆ ಅದು ಸಾಮಾನ್ಯವಾಗಿ ಸೇವೆಯಲ್ಲೇ ಹುಟ್ಟಿತೆಂದು ತಿಳಿಯಬೇಕೆಂದು 14ನೇ ನಿಯಮ ಹೇಳಿತು. ಅದು ಸೇರ್ಪಡೆಯ ಪರೀಕ್ಷೆಯಲ್ಲಿ ಪತ್ತೆಯಾಗುವಂಥದ್ದಲ್ಲ ಎಂದು ವೈದ್ಯರು ಅಭಿಪ್ರಾಯಪಟ್ಟರೆ ಮಾತ್ರ ಈ ಊಹೆ ಬಿದ್ದುಹೋಗುತ್ತಿತ್ತು, ಆದರೆ ಅಂಥ ಅಭಿಪ್ರಾಯಕ್ಕೆ ಕಾರಣಗಳನ್ನು ಬರೆದಿಡಬೇಕಿತ್ತು. ಮುಂದಿನ ನಾಲ್ಕು ದಶಕಗಳ ವ್ಯಾಜ್ಯವೆಲ್ಲ ಈ ಒಂದು ಅಪವಾದ ಮತ್ತು ಅದಕ್ಕೆ ಅಂಟಿಕೊಂಡ ಈ ಒಂದು ಷರತ್ತಿನ ಸುತ್ತಲೇ ನಡೆಯಿತು.

ಮನೋರೋಗದ ವಿಷಯದಲ್ಲಿ ವೈದ್ಯರಿಗೆ ದಾರಿ ತೋರಿಸಲು ಇನ್ನೊಂದು ಗ್ರಂಥವಿತ್ತು. ಸೈನಿಕ ಪಿಂಚಣಿಗಾಗಿ ವೈದ್ಯಾಧಿಕಾರಿಗಳಿಗೆ ಕೊಟ್ಟ 2002ರ ಕೈಪಿಡಿಯು, 2008ರ ತಿದ್ದುಪಡಿಯ ರೂಪದಲ್ಲಿ, ಮನೋರೋಗಗಳು ಹುಟ್ಟುಗುಣ ಮತ್ತು ಪರಿಸರ ಎರಡರ ಸಂಕೀರ್ಣ ಬೆಸುಗೆಯಿಂದ ಬರುತ್ತವೆಂದು ಒಪ್ಪಿಕೊಂಡು, ಯಾವ ಸಂದರ್ಭಗಳಲ್ಲಿ ಸೇವೆಯನ್ನೇ ಕಾರಣವೆಂದು ಪರಿಗಣಿಸಬೇಕೆಂದು ಪಟ್ಟಿ ಮಾಡಿತ್ತು. ಯುದ್ಧಭೂಮಿ ಮತ್ತು ಬಂಡುಕೋರರ ವಿರುದ್ಧದ ಕಾರ್ಯಾಚರಣೆ, ಅತಿ ಎತ್ತರದ ಪ್ರದೇಶದ ಸೇವೆ, ತೀರ ಒಂಟಿಯಾದ ಠಾಣೆ, ಸಬ್‌ಮರೀನ್ ಅಪಘಾತ, ಪ್ರಾಣಹಾನಿಯಾದ ವಾಹನ ಅಥವಾ ವಿಮಾನ ಅಪಘಾತ, ಭೂಕಂಪ ಮತ್ತು ಸುನಾಮಿಯಂಥ ವಿಪತ್ತಿನಲ್ಲಿ ಶವಗಳ ನಡುವೆ ಮಾಡಬೇಕಾಗಿ ಬಂದ ಕೆಲಸ, ಇವೆಲ್ಲ ಆ ಪಟ್ಟಿಯಲ್ಲಿದ್ದವು. ಅಂಗಚ್ಛೇದದಂಥ ತೀವ್ರ ಪೆಟ್ಟಾದ ಒಂದು ವರ್ಷದೊಳಗೆ ಮನೋರೋಗ ತಲೆದೋರಿದರೂ ಸೇವೆಯ ಸಂಬಂಧವನ್ನು ಒಪ್ಪಬೇಕಿತ್ತು. ಸಂಗಾತಿ ಅಥವಾ ಮಕ್ಕಳು ತೀರಿಕೊಂಡಾಗ ಕರ್ತವ್ಯದ ತುರ್ತಿನಿಂದ ರಜೆ ನಿರಾಕರಿಸಲ್ಪಟ್ಟು, ಮೂರು ತಿಂಗಳೊಳಗೆ ರೋಗ ಕಾಣಿಸಿಕೊಂಡರೆ, ಸೇವೆಯು ರೋಗವನ್ನು ಉಲ್ಬಣಗೊಳಿಸಿತೆಂದು ತಿಳಿಯಬೇಕಿತ್ತು. ಊರಿನಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ, ಮನೆಯ ಸಾವಿನ ಸುದ್ದಿ ಕೇಳಿಯೂ ಹೊರಡಲಾಗದೆ ಕೂತ ಸೈನಿಕನ ಸಂಕಟವನ್ನು ಈ ಕೈಪಿಡಿ ಬರೆದವರು ಅರಿತಿದ್ದರು ಎಂಬುದಕ್ಕೆ ಈ ಸಾಲುಗಳೇ ಸಾಕ್ಷಿ.

ಮಂಡಳಿಯ ಒಂದು ಸಾಲು

ಆದರೆ ನಿಯಮದ ಉದಾರತೆಯು ಆಚರಣೆಗೆ ಇಳಿಯಲಿಲ್ಲ. ಸೈನ್ಯದಲ್ಲಿ ಪ್ರತಿಯೊಬ್ಬನ ಆರೋಗ್ಯವನ್ನೂ 'ಶೇಪ್' ಎಂಬ ಐದು ಅಂಶಗಳ ಶ್ರೇಣಿಯಲ್ಲಿ ಅಳೆಯುತ್ತಾರೆ. ಅದರ ಮೊದಲ ಅಂಶವಾದ 'ಎಸ್' ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ್ದು, ಮತ್ತು ಅದರಲ್ಲಿ ಐದನೇ ಶ್ರೇಣಿಗೆ ಇಳಿದವನು ಸೇವೆಗೆ ಅನರ್ಹನೆಂದು ನಿರ್ಧಾರವಾಗುತ್ತದೆ. ಆಗ ವೈದ್ಯಾಧಿಕಾರಿಗಳ ಮಂಡಳಿಯೊಂದು ಸೇರಿ, ರೋಗದ ಹೆಸರು, ವೈಕಲ್ಯದ ಪ್ರಮಾಣ ಮತ್ತು ಸೇವೆಯ ಸಂಬಂಧವನ್ನು ನಿಗದಿತ ನಮೂನೆಯಲ್ಲಿ ತುಂಬಿ, ಸೈನಿಕನನ್ನು ಬಿಡುಗಡೆಗೆ ಶಿಫಾರಸು ಮಾಡುತ್ತದೆ. ಸೈನಿಕರ ಆಡುಮಾತಿನಲ್ಲಿ ಇದು 'ಬೋರ್ಡ್ ಔಟ್' ಆಗುವುದು. ಆತಂಕದ ಕಾಯಿಲೆಗಳು ಹಳೆಯ ದಾಖಲೆಗಳಲ್ಲಿ 'ನ್ಯೂರೋಸಿಸ್' ಎಂಬ ಹೆಸರಿನಲ್ಲಿ, ಅಂತರರಾಷ್ಟ್ರೀಯ ರೋಗಪಟ್ಟಿಯ 300 ಎಂಬ ಸಂಖ್ಯೆಯ ಜೊತೆಗೆ ಸಿಗುತ್ತವೆ. ಸ್ಕಿಜೋಫ್ರೇನಿಯಾ, ಅಂದರೆ ಯೋಚನೆ, ಗ್ರಹಿಕೆ ಮತ್ತು ಭಾವನೆಗಳ ಹೊಂದಾಣಿಕೆ ತಪ್ಪುವ ಚಿತ್ತವಿಕಲತೆಯು, 295ರ ಜೊತೆಗೆ ಸಿಗುತ್ತದೆ. ಸೇವೆಯ ಸಂಬಂಧ ಕೇಳುವ ಅಂಕಣದಲ್ಲಿ ಮಾತ್ರ ಬಹಳಷ್ಟು ಸಲ ಒಂದೇ ಸಾಲು ಇರುತ್ತಿತ್ತು: ರೋಗವು ಪ್ರಕೃತಿಗತವಾದದ್ದು, ಸೇವೆಯಿಂದ ಉಂಟಾದದ್ದೂ ಅಲ್ಲ, ಉಲ್ಬಣಗೊಂಡದ್ದೂ ಅಲ್ಲ.

ಈ ಸಾಲು ಬರೆದ ಮೇಲೆ ಪಿಂಚಣಿಯ ಬಾಗಿಲು ಬಹುತೇಕ ಮುಚ್ಚಿದಂತೆಯೇ. ಕಡತವು ಅಲಹಾಬಾದಿನಲ್ಲಿದ್ದ ಪಿಂಚಣಿ ಲೆಕ್ಕಪತ್ರ ಕಚೇರಿಗೆ ಹೋಗುತ್ತಿತ್ತು. ಅಲ್ಲಿನ ವೈದ್ಯಕೀಯ ಸಲಹೆಗಾರರು ರೋಗಿಯನ್ನು ನೋಡದೆಯೇ ಮಂಡಳಿಯ ಅಭಿಪ್ರಾಯವನ್ನು ಬದಲಿಸುವ, ವೈಕಲ್ಯದ ಪ್ರಮಾಣವನ್ನು ಶೇ. 20ಕ್ಕಿಂತ ಕೆಳಗೆ ಇಳಿಸುವ ರೂಢಿಯೂ ಇತ್ತು. ಮಾಜಿ ಸ್ಯಾಪರ್ ಮೊಹಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರಲ್ಲಿ ಈ ರೂಢಿಯನ್ನು ಖಂಡಿಸಿ, ಸೈನಿಕನನ್ನು ಕಣ್ಣಾರೆ ಪರೀಕ್ಷಿಸಿದ ಮಂಡಳಿಯ ಮಾತನ್ನು ಕಾಗದ ನೋಡಿ ತಳ್ಳಿಹಾಕಲಾಗದು ಎಂದು ಹೇಳಿತು. ಆ ತೀರ್ಪು ಮಂಡಳಿಯು ಸೈನಿಕನ ಪರವಾಗಿದ್ದಾಗ ಆತನನ್ನು ರಕ್ಷಿಸಿತು. ಮಂಡಳಿಯೇ ಆತನ ವಿರುದ್ಧ ಬರೆದಾಗ ಅದೇ ತತ್ತ್ವ ಆತನಿಗೆ ಅಡ್ಡ ಬಂತು. ಸ್ಕಿಜೋಫ್ರೇನಿಯಾಕ್ಕೆ ಸಂಬಂಧಿಸಿದ ಕೇಶರ್ ಸಿಂಗ್ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ವೈದ್ಯಕೀಯ ಮಂಡಳಿಯ ಅಭಿಪ್ರಾಯಕ್ಕೆ ಪ್ರಾಶಸ್ತ್ಯ ಕೊಟ್ಟು ಸರ್ಕಾರದ ವಾದವನ್ನು ಒಪ್ಪಿತು, ಮತ್ತು ಕೆಲವು ವರ್ಷಗಳ ಕಾಲ ಇಂಥ ಅರ್ಜಿಗಳು ಈ ತೀರ್ಪಿಗೆ ತಾಗಿ ಬಿದ್ದವು.

ಈ ಅವಧಿಯಲ್ಲಿಯೇ ಭಾರತೀಯ ಸೈನ್ಯದ ಸೇವೆಯ ಸ್ವರೂಪವೂ ಕಠಿಣವಾಗಿತ್ತು ಎಂಬುದನ್ನು ನೆನೆಯಬೇಕು. 1984ರ ಏಪ್ರಿಲ್‌ನಲ್ಲಿ ಸಿಯಾಚಿನ್ ಹಿಮನದಿಯ ಮೇಲೆ ಸೈನ್ಯ ನೆಲೆಯೂರಿತು; 1987ರಿಂದ 1990ರವರೆಗೆ ಭಾರತದ ಶಾಂತಿಪಾಲನಾ ಪಡೆಯು ಶ್ರೀಲಂಕಾದಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು; ಪಂಜಾಬ್, ಕಾಶ್ಮೀರ ಮತ್ತು ಈಶಾನ್ಯದಲ್ಲಿ ಶತ್ರು ಯಾರೆಂದು ಮುಖದಿಂದ ಗುರುತಿಸಲಾಗದ ಕಾರ್ಯಾಚರಣೆಗಳು ವರ್ಷಗಟ್ಟಲೆ ನಡೆದವು; 1999ರಲ್ಲಿ ಕಾರ್ಗಿಲ್ ಯುದ್ಧ ಬಂತು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಪಾತದಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರು ಹೂತುಹೋಗಿ, ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಫೆಬ್ರುವರಿ 11ರಂದು ಕೊನೆಯುಸಿರೆಳೆದಾಗ ಇಡೀ ಕರ್ನಾಟಕ ಕಣ್ಣೀರಿಟ್ಟಿತು. ಅಂಥ ಠಾಣೆಗಳಲ್ಲಿ ಸಾವನ್ನು ಪಕ್ಕದಲ್ಲಿಟ್ಟುಕೊಂಡು ದಿನ ಕಳೆದು ಬದುಕಿ ಬಂದವರ ಸಂಖ್ಯೆ ಮಡಿದವರಿಗಿಂತ ಬಹಳ ದೊಡ್ಡದು, ಮತ್ತು ಅವರಲ್ಲಿ ಕೆಲವರ ಮನಸ್ಸು ಆ ಠಾಣೆಯಿಂದ ಇಳಿದು ಬಂದಿರುವುದಿಲ್ಲ. ಅಮೆರಿಕದ ಮನೋವೈದ್ಯರು ವಿಯೆಟ್ನಾಂ ಯುದ್ಧದ ಬಳಿಕ, 1980ರಲ್ಲಿ, ಇಂಥ ಸ್ಥಿತಿಗೆ ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಅಧಿಕೃತ ಹೆಸರು ಕೊಟ್ಟು ರೋಗಪಟ್ಟಿಗೆ ಸೇರಿಸಿದ ಮೇಲೆ ಅಲ್ಲಿನ ನಿವೃತ್ತ ಸೈನಿಕರ ಪರಿಹಾರದ ದಾರಿ ತೆರೆಯಿತು. ಭಾರತದಲ್ಲಿ ಆ ದಾರಿ ತೆರೆದದ್ದು ಹೊಸ ರೋಗದ ಹೆಸರಿನಿಂದಲ್ಲ, ಹಳೆಯ ನಿಯಮಗಳನ್ನು ನ್ಯಾಯಾಲಯವು ಮತ್ತೆ ಓದಿದ್ದರಿಂದ.

2013ರ ತಿರುವು

ಸಿಗ್ನಲ್ಸ್ ದಳದ ಸಿಪಾಯಿ ಧರ್ಮವೀರ್ ಸಿಂಗ್ 1985ರಲ್ಲಿ ಸೇರಿ, ಸುಮಾರು ಒಂಬತ್ತು ವರ್ಷಗಳ ಸೇವೆಯ ಬಳಿಕ, 1994ರ ಏಪ್ರಿಲ್ 1ರಂದು ಮೂರ್ಛೆರೋಗದ ಕಾರಣದಿಂದ ಶೇ. 20ರ ವೈಕಲ್ಯದೊಂದಿಗೆ ಬೋರ್ಡ್ ಔಟ್ ಆದರು. ಮಂಡಳಿಯು ಆ ರೋಗವನ್ನೂ ಪ್ರಕೃತಿಗತವೆಂದೇ ಬರೆದಿತ್ತು, ಪಿಂಚಣಿ ನಿರಾಕರಣೆಯಾಗಿತ್ತು. ನ್ಯಾಯಮೂರ್ತಿಗಳಾದ ಎ.ಕೆ. ಪಟ್ನಾಯಕ್ ಮತ್ತು ಎಸ್.ಜೆ. ಮುಖೋಪಾಧ್ಯಾಯ ಅವರ ಪೀಠವು 2013ರ ಜುಲೈ 2ರಂದು ಕೊಟ್ಟ ತೀರ್ಪಿನಲ್ಲಿ, 1982ರ ನಿಯಮಗಳನ್ನು ಒಂದೊಂದಾಗಿ ಬಿಡಿಸಿ, ಸೇರ್ಪಡೆಯ ವೇಳೆ ರೋಗದ ಟಿಪ್ಪಣಿ ಇರದಿದ್ದರೆ ಸೇವೆಯ ಸಂಬಂಧವನ್ನು ಊಹಿಸಬೇಕು, ಸಂಬಂಧವಿಲ್ಲವೆಂದು ಸಾಬೀತುಪಡಿಸುವ ಹೊಣೆ ಸರ್ಕಾರದ್ದು, ಮತ್ತು ಕಾರಣ ಕೊಡದ ಮಂಡಳಿಯ ಅಭಿಪ್ರಾಯಕ್ಕೆ ಕಣ್ಣುಮುಚ್ಚಿ ಮಣಿಯಲಾಗದು ಎಂದು ಸಾರಿತು. ಅದೇ ವರ್ಷ ವೀರ್ ಪಾಲ್ ಸಿಂಗ್ ಪ್ರಕರಣದಲ್ಲಿ ಈ ವಿಚಾರವು ನೇರವಾಗಿ ಮನೋರೋಗಕ್ಕೆ ತಾಗಿತು. 1970ರ ದಶಕದಲ್ಲಿ ಸ್ಕಿಜೋಫ್ರೇನಿಯಾದ ಹೆಸರಿನಲ್ಲಿ ಹೊರಬಿದ್ದ ಆ ಸೈನಿಕನ ಕಡತವನ್ನು ಪರಿಶೀಲಿಸಿದ ಸುಪ್ರೀಂ ಕೋರ್ಟು, ಮಂಡಳಿಯ ಅಭಿಪ್ರಾಯವು ಅಂತಿಮ ವೇದವಾಕ್ಯವಲ್ಲವೆಂದು ತೋರಿಸಿ, ಆತನನ್ನು ಮತ್ತೆ ಪರೀಕ್ಷಿಸಲು ಮರುಪರಿಶೀಲನಾ ಮಂಡಳಿಯನ್ನು ಸೇರಿಸಲು ಆದೇಶಿಸಿತು. ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ರೋಗನಿರ್ಣಯವನ್ನು ನ್ಯಾಯಾಲಯವು ಮತ್ತೆ ತೆರೆದದ್ದು ಸಣ್ಣ ಸಂಗತಿಯಾಗಿರಲಿಲ್ಲ.

ಮುಂದಿನ ತೀರ್ಪುಗಳು ಈ ನೆಲೆಯನ್ನು ಗಟ್ಟಿಮಾಡಿದವು. 2014ರ ಸುಖವಿಂದರ್ ಸಿಂಗ್ ಪ್ರಕರಣದಲ್ಲಿ, ವೈಕಲ್ಯದ ಕಾರಣಕ್ಕೆ ಒಬ್ಬನನ್ನು ಸೇವೆಯಿಂದಲೇ ಹೊರಹಾಕಿದ್ದರೆ ಆ ವೈಕಲ್ಯವು ಶೇ. 20ಕ್ಕಿಂತ ಹೆಚ್ಚಾಗಿತ್ತೆಂದೇ ತಿಳಿಯಬೇಕೆಂದು ನ್ಯಾಯಾಲಯ ಹೇಳಿತು; ಕೆಲಸ ಕಸಿಯುವಷ್ಟು ದೊಡ್ಡದಾದ ರೋಗವನ್ನು ಪಿಂಚಣಿ ಕೊಡುವಾಗ ಚಿಕ್ಕದೆಂದು ಅಳೆಯುವ ಕ್ರಮಕ್ಕೆ ಇದು ತಡೆ ಹಾಕಿತು. 2014ರ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪು ಮೊತ್ತಕ್ಕೆ ಸಂಬಂಧಿಸಿದ್ದು. ಐದನೇ ವೇತನ ಆಯೋಗದ ನಂತರ ಜಾರಿಗೆ ಬಂದ ಪದ್ಧತಿಯಂತೆ, ಮಂಡಳಿಗಳ ಅಳತೆಯಲ್ಲಿ ಬರುವ ಏರುಪೇರನ್ನು ಸರಿದೂಗಿಸಲು, ಶೇ. 50ಕ್ಕಿಂತ ಕಡಿಮೆ ವೈಕಲ್ಯವನ್ನು 50 ಎಂದು, 50ರಿಂದ 75ರವರೆಗಿನದನ್ನು 75 ಎಂದು, ಅದಕ್ಕೂ ಹೆಚ್ಚಿನದನ್ನು 100 ಎಂದು ಎಣಿಸಲಾಗುತ್ತದೆ. ಬೋರ್ಡ್ ಔಟ್ ಆದವರಿಗಷ್ಟೇ ಸೀಮಿತವಾಗಿದ್ದ ಈ ಲಾಭವನ್ನು ವಯೋನಿವೃತ್ತರಿಗೂ ಅವಧಿ ಮುಗಿಸಿ ಬಿಡುಗಡೆಯಾದವರಿಗೂ ಆ ತೀರ್ಪು ವಿಸ್ತರಿಸಿತು. ಕೊನೆಯ ವೇತನದ ಲೆಕ್ಕದಲ್ಲಿ ಹೇಳುವುದಾದರೆ, ಶೇ. 20ರ ವೈಕಲ್ಯಕ್ಕೆ ವೇತನದ ಶೇ. 6ರಷ್ಟು ಸಿಗುವ ಬದಲು ಶೇ. 15ರಷ್ಟು ಸಿಗುತ್ತದೆ, ಮತ್ತು ಔಷಧಿಗೂ ಆರೈಕೆಗೂ ತಿಂಗಳು ತಿಂಗಳು ಖರ್ಚು ಮಾಡುವ ಕುಟುಂಬಕ್ಕೆ ಈ ಅಂತರ ದೊಡ್ಡದು. 2015ರ ಫೆಬ್ರುವರಿ 13ರಂದು ರಾಜಬೀರ್ ಸಿಂಗ್ ಮತ್ತಿತರರ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಮೇಲ್ಮನವಿಗಳನ್ನು ಒಟ್ಟಾಗಿ ತಳ್ಳಿಹಾಕಿ ಧರ್ಮವೀರ್ ತತ್ತ್ವವನ್ನು ಎತ್ತಿಹಿಡಿಯಿತು.

ಬೆಂಗಳೂರಿನಿಂದ ಕೊಚ್ಚಿಗೆ

ತತ್ತ್ವ ಸ್ಥಿರವಾದರೂ ಅದನ್ನು ಪಡೆಯುವ ದಾರಿ ಉದ್ದವಾಗಿಯೇ ಉಳಿಯಿತು. ನಿರಾಕರಣೆಯ ಪತ್ರ ಬಂದ ಮೇಲೆ ಸೈನಿಕನು ಮೊದಲ ಮೇಲ್ಮನವಿ ಸಮಿತಿಗೆ, ಅಲ್ಲಿ ಸೋತರೆ ಎರಡನೇ ಸಮಿತಿಗೆ ಬರೆಯಬೇಕು. ಬಳಿಕ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬೇಕು. 2007ರ ಕಾಯ್ದೆಯಡಿ ಸ್ಥಾಪಿತವಾಗಿ 2009ರಲ್ಲಿ ಕೆಲಸ ಆರಂಭಿಸಿದ ಈ ನ್ಯಾಯಮಂಡಳಿಯ ಪ್ರಧಾನ ಪೀಠ ದೆಹಲಿಯಲ್ಲಿದೆ, ಪ್ರಾದೇಶಿಕ ಪೀಠಗಳು ಚಂಡೀಗಢ, ಲಖನೌ, ಚೆನ್ನೈ ಮೊದಲಾದ ನಗರಗಳಲ್ಲಿವೆ; ಕರ್ನಾಟಕದ ಪ್ರಕರಣಗಳನ್ನು ಕೇರಳ ಮತ್ತು ಲಕ್ಷದ್ವೀಪದ ಪ್ರಕರಣಗಳ ಜೊತೆಗೆ ಕೊಚ್ಚಿಯ ಪೀಠಕ್ಕೆ ಒಪ್ಪಿಸಲಾಯಿತು. ಇಷ್ಟೊಂದು ಸೈನಿಕ ತರಬೇತಿ ಕೇಂದ್ರಗಳು, ವಾಯುನೆಲೆಗಳು ಮತ್ತು ಕಮಾಂಡ್ ಆಸ್ಪತ್ರೆಯಿರುವ ಬೆಂಗಳೂರಿಗೆ ತನ್ನದೇ ಆದ ಪ್ರಾದೇಶಿಕ ಪೀಠ ಸಿಗಲಿಲ್ಲ. ಆರ್.ಟಿ. ನಗರದ ಅರ್ಜಿದಾರನ ವ್ಯಾಜ್ಯವು ಸೇರಿದ ಪೀಠವು ರಸ್ತೆ ಮಾರ್ಗದಲ್ಲಿ ಸುಮಾರು 550 ಕಿಲೋಮೀಟರ್ ದೂರದಲ್ಲಿದೆ. ಆತಂಕದ ಕಾಯಿಲೆಯಿರುವವನಿಗೆ ಜನಜಂಗುಳಿ, ಪ್ರಯಾಣ ಮತ್ತು ಕಾಯುವಿಕೆಗಳೇ ರೋಗವನ್ನು ಕೆರಳಿಸುವ ಸಂಗತಿಗಳು. ದಾಖಲೆ ಜೋಡಿಸುವ, ವಕೀಲರನ್ನು ಕಾಣುವ, ಗಡುವು ನೆನಪಿಡುವ ಕೆಲಸವು ಹೆಚ್ಚಿನ ಮನೆಗಳಲ್ಲಿ ಹೆಂಡತಿಯ ಅಥವಾ ಮಕ್ಕಳ ಪಾಲಿಗೆ ಬರುವುದೂ ಇದೇ ಕಾರಣಕ್ಕೆ.

ಉಚ್ಚ ನ್ಯಾಯಾಲಯದ ದಾರಿಯೂ ಕೆಲಕಾಲ ಮುಚ್ಚಿತ್ತು. 2015ರ ಮಾರ್ಚ್‌ನಲ್ಲಿ ಮೇಜರ್ ಜನರಲ್ ಶ್ರೀಕಾಂತ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನ್ಯಾಯಮಂಡಳಿಯ ಆದೇಶದ ವಿರುದ್ಧ ಉಚ್ಚ ನ್ಯಾಯಾಲಯಗಳು ರಿಟ್ ಅರ್ಜಿ ಕೇಳಬಾರದೆಂದು ಹೇಳಿದ್ದರಿಂದ, ಕೊಚ್ಚಿಯಲ್ಲಿ ಸೋತ ಕನ್ನಡಿಗ ಸೈನಿಕನಿಗೆ ದೆಹಲಿಯ ಸುಪ್ರೀಂ ಕೋರ್ಟೇ ಮುಂದಿನ ಮೆಟ್ಟಿಲಾಯಿತು. 2023ರ ಮಾರ್ಚ್ 21ರಂದು ಪರಶೋತ್ತಮ್ ದಾಸ್ ಪ್ರಕರಣದ ತೀರ್ಪು ಆ ನಿರ್ಬಂಧವನ್ನು ತೆಗೆದು, ಸಂವಿಧಾನದ 226ನೇ ವಿಧಿಯ ಅಧಿಕಾರವನ್ನು ಉಚ್ಚ ನ್ಯಾಯಾಲಯಗಳಿಗೆ ಮರಳಿ ಒಪ್ಪಿಸಿತು. ಎಂಟು ವರ್ಷಗಳ ಅವಧಿಯಲ್ಲಿ ಎಷ್ಟೋ ಅರ್ಜಿದಾರರು ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ನ್ಯಾಯಾಲಯದ ಮುಂದೆ ನಡೆದುಹೋಗಬಹುದಿತ್ತು, ಒಳಗೆ ಹೋಗುವಂತಿರಲಿಲ್ಲ.

ಸರ್ಕಾರದ ಒಳಗಿನಿಂದಲೇ ಈ ವ್ಯವಸ್ಥೆಯ ಬಗ್ಗೆ ಗಂಭೀರ ಟೀಕೆ ಬಂದದ್ದು 2015ರಲ್ಲಿ. ರಕ್ಷಣಾ ಸಚಿವರಾಗಿದ್ದ ಮನೋಹರ ಪರ್ರಿಕರ್ ನೇಮಿಸಿದ ತಜ್ಞರ ಸಮಿತಿಯು, ಕಾರ್ಗಿಲ್‌ನಲ್ಲಿ ಕಾಲು ಕಳೆದುಕೊಂಡ ಮೇಜರ್ ಡಿ.ಪಿ. ಸಿಂಗ್ ಮತ್ತು ಸೈನಿಕ ಕಾನೂನಿನ ತಜ್ಞ ಮೇಜರ್ ನವದೀಪ್ ಸಿಂಗ್ ಸೇರಿದಂತೆ ಐವರನ್ನು ಒಳಗೊಂಡಿದ್ದು, ಆ ವರ್ಷದ ನವೆಂಬರಿನಲ್ಲಿ ವರದಿ ಸಲ್ಲಿಸಿತು. ಇತ್ಯರ್ಥವಾದ ವಿಷಯಗಳಲ್ಲಿ ವೈಕಲ್ಯವುಳ್ಳ ಸೈನಿಕರ ವಿರುದ್ಧ ಸರ್ಕಾರವು ಮೇಲ್ಮನವಿಗಳನ್ನು ಸಲ್ಲಿಸುತ್ತ ಹೋಗುವುದನ್ನು ಆ ವರದಿಯು ತೀವ್ರವಾಗಿ ವಿಮರ್ಶಿಸಿತು. ಮಾನಸಿಕ ಕಾಯಿಲೆಗಳ ಬಗೆಗಿನ ದೃಷ್ಟಿಯನ್ನು ದೇಶದ ಇತರ ಕಾನೂನುಗಳೂ ಬದಲಿಸುತ್ತಿದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಮನೋರೋಗವನ್ನು ವೈಕಲ್ಯವೆಂದೇ ಪರಿಗಣಿಸಿತು, 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಚಿಕಿತ್ಸೆಯನ್ನು ಹಕ್ಕಾಗಿ ಘೋಷಿಸಿತು.

ಹಿಂದಕ್ಕೆ ಸರಿದ ಹೆಜ್ಜೆಗಳು

ಚರಿತ್ರೆಯು ಒಂದೇ ದಿಕ್ಕಿಗೆ ಸಾಗಲಿಲ್ಲ. 2008ರ ಪರಿಷ್ಕೃತ ಅರ್ಹತಾ ನಿಯಮಗಳು, ಸೇವೆಯಲ್ಲಿದ್ದಾಗ ರೋಗ ಕಾಣಿಸಿಕೊಂಡಿತೆಂಬ ಮಾತ್ರಕ್ಕೆ ಅದು ಸೇವೆಯಿಂದ ಬಂತೆಂದು ಆಗುವುದಿಲ್ಲವೆಂದು ಹೇಳಿ, ಹಳೆಯ ಊಹೆಯ ಬಲವನ್ನು ಕುಗ್ಗಿಸಿದ್ದವು; ಬಿಡುಗಡೆಯಾಗಿ 15 ವರ್ಷಗಳ ನಂತರ, ಸೇವಾ ದಾಖಲೆಗಳು ನಾಶವಾದ ಮೇಲೆ ಬರುವ ಅರ್ಜಿಗಳಲ್ಲಿ ಸಾಬೀತಿನ ಹೊಣೆಯನ್ನು ಅರ್ಜಿದಾರನಿಗೇ ವರ್ಗಾಯಿಸಿದ್ದವು. ಆಘಾತದ ಪರಿಣಾಮವು ತಡವಾಗಿ ತಲೆಯೆತ್ತುವ, ಕಳಂಕದ ಭಯದಿಂದ ಬಹುಕಾಲ ಬಚ್ಚಿಟ್ಟ ಮನೋರೋಗಗಳಿಗೆ ಈ ನಿಯಮ ವಿಶೇಷವಾಗಿ ಕಠೋರವಾಗಿತ್ತು. 2019ರ ಅಕ್ಟೋಬರ್ 3ರಂದು ನರಸಿಂಗ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸ್ಕಿಜೋಫ್ರೇನಿಯಾದಂಥ ರೋಗವನ್ನು ಸೇರ್ಪಡೆಯ ಸಾಮಾನ್ಯ ಪರೀಕ್ಷೆಯಲ್ಲಿ ಪತ್ತೆಹಚ್ಚಲಾಗದು, ಆದ್ದರಿಂದ ದಾಖಲೆಯಲ್ಲಿ ಟಿಪ್ಪಣಿ ಇಲ್ಲವೆಂಬ ಕಾರಣಕ್ಕೇ ಸೇವೆಯ ಸಂಬಂಧವನ್ನು ಊಹಿಸಲಾಗದು ಎಂದು ಹೇಳಿ ಸೈನಿಕನ ಮನವಿಯನ್ನು ತಿರಸ್ಕರಿಸಿತು. ಈ ವಾದದಲ್ಲಿ ವೈದ್ಯಕೀಯ ಸತ್ಯದ ಅಂಶವಿದೆ, ಏಕೆಂದರೆ ಕೆಲವು ಮನೋರೋಗಗಳಲ್ಲಿ ಆನುವಂಶಿಕತೆಯ ಪಾತ್ರವನ್ನು ಅಲ್ಲಗಳೆಯಲಾಗದು. ಆದರೆ ಒಲವು ಹುಟ್ಟಿನಿಂದ ಬಂದಿದ್ದರೂ ಅದು ರೋಗವಾಗಿ ಅರಳಿದ್ದು ಯಾವ ಒತ್ತಡದಲ್ಲಿ ಎಂಬ ಪ್ರಶ್ನೆ ಉಳಿದೇ ಇರುತ್ತದೆ, ಮತ್ತು ನಿಯಮಗಳು 'ಉಂಟಾದ' ಎಂಬುದರ ಪಕ್ಕದಲ್ಲಿ 'ಉಲ್ಬಣಗೊಂಡ' ಎಂಬುದನ್ನು ಇಟ್ಟದ್ದು ಈ ಪ್ರಶ್ನೆಗಾಗಿಯೇ.

2023ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಹೊಸ ಅರ್ಹತಾ ನಿಯಮಗಳು, ಸೇವೆಯನ್ನು ಮುಂದುವರಿಸಿ ನಿವೃತ್ತರಾದವರಿಗೆ ವೈಕಲ್ಯಾಂಶದ ಜಾಗದಲ್ಲಿ 'ಇಂಪೇರ್‌ಮೆಂಟ್ ರಿಲೀಫ್', ಅಂದರೆ ನ್ಯೂನತಾ ಪರಿಹಾರ ಎಂಬ ಹೊಸ ವರ್ಗವನ್ನು ತಂದವು. ಸವಲತ್ತಿನ ದುರುಪಯೋಗವನ್ನು ತಡೆದು ನಿಜವಾದ ಅರ್ಹರನ್ನು ಕಾಪಾಡುವುದೇ ಇದರ ಉದ್ದೇಶವೆಂದು ಸೇನಾ ಪ್ರಧಾನ ಕಚೇರಿಗಳು ವಿವರಿಸಿದವು, ಸೇವೆಯ ಒತ್ತಡದಿಂದ ಬಂದ ಕಾಯಿಲೆಗಳನ್ನು ಇದು ಬದಿಗೆ ತಳ್ಳುತ್ತದೆಂದು ನಿವೃತ್ತ ಸೈನಿಕರ ಸಂಘಟನೆಗಳು ಟೀಕಿಸಿದವು. ಅನರ್ಹರನ್ನು ತಡೆಯುವುದು ಸರ್ಕಾರದ ನ್ಯಾಯವಾದ ಕಾಳಜಿ. ಆದರೆ ಅದಕ್ಕಿರುವ ಸರಿಯಾದ ಸಾಧನ ಎಚ್ಚರದ ವೈದ್ಯಕೀಯ ಪರೀಕ್ಷೆ, ಸಗಟು ಅನುಮಾನವಲ್ಲ.

ಒಳ್ಳೆಯ ಬದಲಾವಣೆಗಳೂ ಇದೇ ಕಾಲದಲ್ಲಿ ಬಂದವು. ಹತ್ತು ವರ್ಷ ಸೇವೆ ತುಂಬದೆ, ಸೇವೆಗೆ ಸಂಬಂಧವಿಲ್ಲದ ಕಾರಣದಿಂದ ಹೊರಬಿದ್ದವರಿಗೆ ಹಿಂದೆ ಒಂದು ಇಡಿಗಂಟು ಮಾತ್ರ ಸಿಗುತ್ತಿತ್ತು. 2019ರ ಜನವರಿ 4ರಂದು ಅಥವಾ ಬಳಿಕ ಸೇವೆಯಲ್ಲಿದ್ದ ಇಂಥವರಿಗೂ ಅಶಕ್ತ ಪಿಂಚಣಿ ಕೊಡಲು ರಕ್ಷಣಾ ಸಚಿವಾಲಯ 2020ರ ಜುಲೈನಲ್ಲಿ ಒಪ್ಪಿತು. ನಿಮ್ಹಾನ್ಸ್‌ನ ನೇತೃತ್ವದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಸೇವೆಯು, ಮರುವರ್ಷದ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗಾಗಿಯೇ ಒಂದು ವಿಭಾಗವನ್ನು ತೆರೆಯಿತು.

ಕಾರಣ ಬರೆಯುವ ಹೊಣೆ

2025ರಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಹಳೆಯ ಭರವಸೆಗೆ ಮರಳಿದವು. ಸಿಯಾಚಿನ್‌ನಲ್ಲಿ ಸೇವೆ ಸಲ್ಲಿಸುವಾಗ ಮೂರ್ಛೆರೋಗಕ್ಕೆ ತುತ್ತಾಗಿ 1989ರಲ್ಲಿ ಹೊರಬಿದ್ದ ಬಿಜೇಂದರ್ ಸಿಂಗ್ ಅವರಿಗೆ 1996ರ ಜನವರಿ 1ರಿಂದ ಶೇ. 50ರ ವೈಕಲ್ಯಾಂಶವನ್ನು ಜೀವನಪರ್ಯಂತ ಕೊಡಬೇಕೆಂದು ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಏಪ್ರಿಲ್ 22ರಂದು ಆದೇಶಿಸಿದರು. ಮೇ ತಿಂಗಳಲ್ಲಿ ರಾಜುಮೋನ್ ಪ್ರಕರಣದಲ್ಲಿ, ಸ್ಕಿಜೋಫ್ರೇನಿಯಾದ ಹೆಸರಿನಲ್ಲಿ ಬೋರ್ಡ್ ಔಟ್ ಆದ ಸೈನಿಕನ ಕಡತದಲ್ಲಿ ಮಂಡಳಿಯು ರೋಗದ ಹೆಸರಿನ ಹೊರತು ಯಾವ ಕಾರಣವನ್ನೂ ಬರೆದಿರಲಿಲ್ಲವೆಂದು ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಕೋಟೀಶ್ವರ್ ಸಿಂಗ್ ಗುರುತಿಸಿ, ಕಾರಣ ಕೊಡುವುದು ಔಪಚಾರಿಕತೆಯಲ್ಲ, ಅದು ಮಂಡಳಿಯ ಕಡ್ಡಾಯ ಹೊಣೆ ಎಂದು ತೀರ್ಪಿತ್ತು ಸೈನಿಕನ ಹಕ್ಕನ್ನು ಎತ್ತಿಹಿಡಿದರು. 1982ರ ನಿಯಮದಲ್ಲಿ ಬರೆದಿದ್ದ ಮಾತೇ 43 ವರ್ಷಗಳ ಬಳಿಕ ಮತ್ತೆ ತೀರ್ಪಾಗಿ ಬರಬೇಕಾಯಿತು.

ಇಡೀ ಚರಿತ್ರೆಯಿಂದ ಹೊರಡುವ ನಿರ್ಣಯ ಸರಳವಾಗಿದೆ. ಮನೋರೋಗದಿಂದ ಹೊರಬಿದ್ದ ಸೈನಿಕರಿಗೆ ಕೊರತೆಯಾದದ್ದು ಕಾನೂನಲ್ಲ. ಕಾನೂನನ್ನು ಪ್ರತಿಯೊಬ್ಬನ ಕಡತದಲ್ಲಿ ಪಾಲಿಸುವ ಶಿಸ್ತು. ಆತನು ಎಲ್ಲೆಲ್ಲಿ ಸೇವೆ ಸಲ್ಲಿಸಿದ, ಯಾವ ಘಟನೆಯನ್ನು ಕಂಡ, ಯಾವಾಗ ರಜೆ ಕೇಳಿದ, ರೋಗದ ಮೊದಲ ಲಕ್ಷಣ ಯಾವಾಗ ಕಾಣಿಸಿತು ಎಂಬುದನ್ನು ಮಂಡಳಿಯು ವಿಚಾರಿಸಿ ಬರೆದರೆ, ಅಭಿಪ್ರಾಯವು ಸೈನಿಕನ ಪರವಾಗಿರಲಿ ವಿರುದ್ಧವಾಗಿರಲಿ, ಅದನ್ನು ಗೌರವಿಸಬಹುದು. ಬರೆಯದಿದ್ದರೆ ಸಂದೇಹದ ಲಾಭ ಸೈನಿಕನಿಗೇ ಸಲ್ಲಬೇಕು, ಮತ್ತು ಅದಕ್ಕಾಗಿ ಆತನನ್ನು ಕೊಚ್ಚಿಗೂ ದೆಹಲಿಗೂ ಅಲೆಸಬಾರದು. ಬೆಂಗಳೂರಿಗೆ ನ್ಯಾಯಮಂಡಳಿಯ ಪ್ರಾದೇಶಿಕ ಪೀಠವನ್ನು ಕೊಡುವುದು ಕೇಂದ್ರ ಸರ್ಕಾರ ತಡವಿಲ್ಲದೆ ಮಾಡಬೇಕಾದ ಕೆಲಸ. ಆರ್.ಟಿ. ನಗರ, ಹೆಬ್ಬಾಳ, ಯಲಹಂಕದ ಮನೆಗಳಲ್ಲಿ ಇಂಥ ಕಾಯಿಲೆಯ ಜೊತೆ ಬದುಕುತ್ತಿರುವ ಮಾಜಿ ಸೈನಿಕರೂ ಅವರ ಕುಟುಂಬದವರೂ ವೈದ್ಯಕೀಯ ಮಂಡಳಿಯ ನಡಾವಳಿಯ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿಡಬೇಕು, ಚಿಕಿತ್ಸೆಯ ಪ್ರತಿಯೊಂದು ಚೀಟಿಯನ್ನೂ ಉಳಿಸಿಕೊಳ್ಳಬೇಕು, ಫೀಲ್ಡ್ ಮಾರ್ಷಲ್ ಕಾರಿಯಪ್ಪ ಭವನದಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯನ್ನು ಸಂಕೋಚವಿಲ್ಲದೆ ಸಂಪರ್ಕಿಸಬೇಕು. ಈ ಪಿಂಚಣಿ ಯಾರ ಕರುಣೆಯೂ ಅಲ್ಲ. ಸೇವೆಗೆ ಸೇರಿದ ದಿನ ಮನಸ್ಸಿನಲ್ಲೂ ದೇಹದಲ್ಲೂ ಆರೋಗ್ಯವಂತನೆಂದು ದೇಶವೇ ದಾಖಲಿಸಿಕೊಂಡವನಿಗೆ ದೇಶವು ತೀರಿಸಬೇಕಾದ ಋಣ.